ಬ್ಯಾಟರಿ ನಮ್ಮದು, ಒಳಗಿನ ಸರಕು ಯಾರದು?

ಮುಂಬಯಿ: ಬೆಸ್ಟ್‌ನ ವಿದ್ಯುತ್ ಬಸ್ಸುಗಳಿಂದ ಹಿಡಿದು ಹೊಟೇಲಿನ ಪಾರ್ಸೆಲ್ ಒಯ್ಯುವ ಹುಡುಗರ ಸ್ಕೂಟರ್‌ಗಳ ತನಕ, ಲಿಥಿಯಂ ಬ್ಯಾಟರಿ ಓಡಾಡದ ರಸ್ತೆ ಈ ಮಹಾನಗರದಲ್ಲಿ ಈಗ ಸಿಗಲಾರದು. ಬ್ಯಾಟರಿ ಪೆಟ್ಟಿಗೆಯನ್ನು ಭಾರತದಲ್ಲೇ ಜೋಡಿಸಿರಬಹುದು. ಆದರೆ ಅದರೊಳಗಿನ ಸೆಲ್ಲುಗಳ ಬಹುಪಾಲು ಆಮದಾಗಿ ಬಂದದ್ದು, ಅದರಲ್ಲೂ ಮುಖ್ಯವಾಗಿ ಚೀನಾದಿಂದ ಬಂದದ್ದು.

2023ರ ಫೆಬ್ರವರಿಯಲ್ಲಿ ಜಮ್ಮು-ಕಾಶ್ಮೀರದ ರಿಯಾಸಿಯಲ್ಲಿ 59 ಲಕ್ಷ ಟನ್ ಲಿಥಿಯಂ ನಿಕ್ಷೇಪವಿದೆಯೆಂಬ ಸುದ್ದಿ ಬಂದಾಗ ದೇಶವೇ ಸಂಭ್ರಮಿಸಿತು. ಅದು ಕೇವಲ ಪ್ರಾಥಮಿಕ ಅಂದಾಜಿನ ಅದಿರಿನ ಲೆಕ್ಕವಾಗಿತ್ತು. ಹರಾಜಿಗೆ ಸಾಕಷ್ಟು ಬಿಡ್ಡುದಾರರು ಬಾರದೆ 2024ರಲ್ಲಿ ಅದನ್ನು ರದ್ದುಪಡಿಸಬೇಕಾಯಿತು. ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ ಅಂದಾಜಿಸಿದ್ದು ಕೇವಲ 1,600 ಟನ್. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತಾಯಿತು. ಇತ್ತ ಸರಕಾರಿ ಸ್ವಾಮ್ಯದ ಮೂರು ಕಂಪೆನಿಗಳು ಸೇರಿ ಕಟ್ಟಿದ 'ಕಾಬಿಲ್' ಸಂಸ್ಥೆ 2024ರ ಜನವರಿಯಲ್ಲಿ ಅರ್ಜೆಂಟೀನಾದ ಕಟಮಾರ್ಕಾದಲ್ಲಿ 15,703 ಹೆಕ್ಟೇರಿನ ಐದು ಬ್ಲಾಕ್‌ಗಳಿಗೆ ಒಪ್ಪಂದ ಮಾಡಿಕೊಂಡಿತು.

ಆದರೆ ಗಣಿ ಸಿಕ್ಕರೆ ಬ್ಯಾಟರಿ ಸಿಕ್ಕಂತಲ್ಲ. ಒಂದು ಸೆಲ್ಲಿನಲ್ಲಿ ಲಿಥಿಯಂಗಿಂತ ಗ್ರಾಫೈಟ್‌ನ ತೂಕವೇ ಹೆಚ್ಚು. ಅದರ ಜೊತೆಗೆ ಕ್ಯಾಥೋಡ್ ಪುಡಿ, ಎಲೆಕ್ಟ್ರೊಲೈಟ್ ದ್ರವ, ತಾಮ್ರ-ಅಲ್ಯುಮಿನಿಯಂ ಹಾಳೆಗಳು ಬೇಕು. ಗ್ರಾಫೈಟ್ ಆನೋಡ್‌ನಲ್ಲಿ ಜಗತ್ತಿನ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಚೀನಾದ ಕೈಯಲ್ಲಿದೆ.

ಈ ಕೊರತೆ ತುಂಬಲು ಹೊರಟಿರುವ ಕೆಲವು ಸಹಭಾಗಿತ್ವಗಳು ಗಮನಾರ್ಹ. ಮುಂಬಯಿಯ ಎಪ್ಸಿಲಾನ್ ಸಮೂಹವು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ, ಪಕ್ಕದ ಉಕ್ಕಿನ ಕಾರ್ಖಾನೆಯ ಕಲ್ಲಿದ್ದಲು ಟಾರನ್ನೇ ಮೂಲವಸ್ತುವಾಗಿಸಿಕೊಂಡು ಆನೋಡ್ ಸರಕಿಗೆ ಕೈಹಾಕಿದೆ. ಥಾಣೆಯ ನಿಯೋಜೆನ್ ಕೆಮಿಕಲ್ಸ್ 2023ರಲ್ಲಿ ಜಪಾನಿನ ಎಂಯು ಅಯಾನಿಕ್ ಸೊಲ್ಯೂಷನ್ಸ್‌ನಿಂದ ಎಲೆಕ್ಟ್ರೊಲೈಟ್ ತಂತ್ರಜ್ಞಾನದ ಪರವಾನಗಿ ಪಡೆಯಿತು. ಹೈದರಾಬಾದಿನ ಆಲ್ಟ್‌ಮಿನ್, ಅಲ್ಲಿನ ಸರಕಾರಿ ಸಂಶೋಧನಾ ಸಂಸ್ಥೆ ಎಆರ್‌ಸಿಐ ಜೊತೆಗೂಡಿ ಕ್ಯಾಥೋಡ್ ಪುಡಿ ತಯಾರಿಸುವ ಹಾದಿ ಹಿಡಿದಿದೆ.

ಹಾಗಾದರೆ ತೊಡಕೆಲ್ಲಿ? ಸೆಲ್ ಕಾರ್ಖಾನೆಗಳಿಗೆಂದು ಕೇಂದ್ರ ಸರಕಾರ 2021ರಲ್ಲಿ 18,100 ಕೋಟಿ ರೂ. ಪ್ರೋತ್ಸಾಹಧನ ಯೋಜನೆ ಸಾರಿತು. ಗುರಿ 50 ಗಿಗಾವ್ಯಾಟ್-ಅವರ್. 2025ರ ಕೊನೆಗೂ ಅದರಲ್ಲಿ ಅತ್ಯಲ್ಪ ಭಾಗವಷ್ಟೇ ಚಾಲನೆಗೊಂಡಿತ್ತು. ಐದು ವರ್ಷಗಳಲ್ಲಿ ಮೌಲ್ಯದ ಶೇ. 60 ಭಾಗ ದೇಶದೊಳಗೇ ಆಗಬೇಕೆಂಬುದು ಷರತ್ತು. ಒಳಗಿನ ಸರಕು ಇಲ್ಲಿ ತಯಾರಾಗದೆ ಈ ಲೆಕ್ಕ ಕೂಡದು.

ಸರಕು ಮಾಡುವವನು 'ಮೊದಲು ಆರ್ಡರ್ ಕೊಡಿ' ಎನ್ನುತ್ತಾನೆ, ಸೆಲ್ ಮಾಡುವವನು 'ಮೊದಲು ಪರೀಕ್ಷೆಗೆ ಸರಕು ಕೊಡಿ' ಎನ್ನುತ್ತಾನೆ. ಪರೀಕ್ಷೆಗಳಿಗೆ ತಿಂಗಳುಗಟ್ಟಲೆ ಸಮಯ ಬೇಕು. ಅಷ್ಟರೊಳಗೆ ಸಾಲದ ಬಡ್ಡಿ ಓಡುತ್ತಿರುತ್ತದೆ. ಲಿಥಿಯಂ ಕಾರ್ಬೊನೇಟ್‌ನ ಬೆಲೆಯನ್ನೇ ನೋಡಿ: 2022ರ ಕೊನೆಗೆ ಚೀನಾದಲ್ಲಿ ಟನ್ನಿಗೆ ಸುಮಾರು 6 ಲಕ್ಷ ಯುವಾನ್ ಇದ್ದದ್ದು 2024ರ ಆರಂಭಕ್ಕೆ ಒಂದು ಲಕ್ಷದ ಆಸುಪಾಸಿಗೆ ಕುಸಿಯಿತು. ಇಂಥ ಪೇಟೆಯಲ್ಲಿ, ಕೊಳ್ಳುವವರ ಲಿಖಿತ ದೀರ್ಘಾವಧಿ ಒಪ್ಪಂದವಿಲ್ಲದ ಕಾರ್ಖಾನೆಗೆ ಹತ್ತು ವರ್ಷದ ಸಾಲ ನೀಡಲು ಯಾವ ಬ್ಯಾಂಕೂ ಹಿಂದೆಮುಂದೆ ನೋಡುವುದು ಸಹಜ. ಇತ್ತ 2025ರ ಜುಲೈಯಲ್ಲಿ ಚೀನಾ ಕ್ಯಾಥೋಡ್ ತಂತ್ರಜ್ಞಾನದ ರಫ್ತಿಗೂ ನಿರ್ಬಂಧ ಹೇರಿತು. ಎರವಲು ತಂತ್ರಜ್ಞಾನವನ್ನೇ ನೆಚ್ಚಿ ಕೂರುವಂತಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದುದರಿಂದ ತಿಳುವಳಿಕೆ ಪತ್ರಕ್ಕೆ ಸಹಿ ಹಾಕುವ ಛಾಯಾಚಿತ್ರಗಳಿಗಿಂತ ಖರೀದಿ ಒಪ್ಪಂದಗಳು ಎಷ್ಟು ಎಂಬುದೇ ನಿಜವಾದ ಅಳತೆಗೋಲು. ಈ ಉದ್ದಿಮೆಯ ಶೇರುಗಳಲ್ಲಿ ಉಳಿತಾಯದ ಹಣ ತೊಡಗಿಸುವ ನಮ್ಮವರೂ ಇದನ್ನೇ ಮೊದಲು ವಿಚಾರಿಸುವುದು ಒಳಿತು. ಸಣ್ಣ ಉದ್ದಿಮೆದಾರರಿಗೂ ಇಲ್ಲೊಂದು ಬಾಗಿಲು ತೆರೆದಿದೆ. ಹಳೆಯ ಬ್ಯಾಟರಿ ಮುಂತಾದವುಗಳಿಂದ ಖನಿಜ ಮರಳಿ ಪಡೆಯಲೆಂದು 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ 1,500 ಕೋಟಿ ರೂ. ಯೋಜನೆಗೆ ಒಪ್ಪಿಗೆಯಿತ್ತಿದ್ದು, ಅದರ ಮೂರನೇ ಒಂದು ಪಾಲನ್ನು ಸಣ್ಣ ಹಾಗೂ ಹೊಸ ಘಟಕಗಳಿಗೆ ಮೀಸಲಿಟ್ಟಿದೆ. ರಿಯಾಸಿಯ ಬೆಟ್ಟ ಅಗೆಯುವ ಮೊದಲೇ ನಮ್ಮ ಗಲ್ಲಿಗಳ ಗುಜರಿಯಲ್ಲಿ ಲಿಥಿಯಂ ಸಿಕ್ಕರೆ ಅಚ್ಚರಿಯಿಲ್ಲ.