ನೆಲ ಕನ್ನಡಿಯ ಹಾಗೆ ಹೊಳೆಯಲೇಬೇಕೇ?

ಗೃಹಪ್ರವೇಶದ ಊಟಕ್ಕೆ ಹೋದಾಗ ನಾವು ಹೆಂಗಸರು ಮೊದಲು ನೋಡುವುದು ಏನನ್ನು ಹೇಳಿ? ಅಡುಗೆಮನೆಯನ್ನು. ಆಮೇಲೆ ನೆಲವನ್ನು. “ಅಬ್ಬಾ, ಮುಖ ಕಾಣುತ್ತದಲ್ಲ ಮಾರಾಯ್ತಿ!” ಎಂದು ಯಾರಾದರೂ ಹೇಳಿಬಿಟ್ಟರೆ ಮನೆಯೊಡತಿಗೆ ಖರ್ಚು ಮಾಡಿದ್ದೆಲ್ಲ ಸಾರ್ಥಕ. ಆದರೆ ಆ ನೆಲದ ಮೇಲೆ ಹತ್ತಾರು ವರ್ಷ ಓಡಾಡುವವರು, ಗುಡಿಸಿ ಒರೆಸುವವರು ನಾವೇ ತಾನೆ? ಹಾಗಾಗಿ ನೆಲ ಆರಿಸುವಾಗ ಕಣ್ಣಿನ ಜೊತೆ ಕಾಲನ್ನೂ ಮೂಗನ್ನೂ ಒಂದು ಮಾತು ಕೇಳುವುದು ಒಳ್ಳೆಯದು.

ಕಡಬ ತಾಲೂಕಿನ ರಾಮಕುಂಜದ ಕಡೆಯ ಹಳೆಯ ಮನೆಗಳನ್ನೇ ತೆಗೆದುಕೊಳ್ಳಿ. ಅಂಗಳಕ್ಕೆ ಸೆಗಣಿ, ಚಾವಡಿಗೆ ಕಾವಿ. ಪೇಟೆಯಲ್ಲಿ ರೆಡ್ ಆಕ್ಸೈಡ್ ಎನ್ನುತ್ತೇವಲ್ಲ, ಅದೇ. ಮಾವ ಹಾಕಿಸಿದ ಕಾವಿ ನೆಲದ ಮೇಲೆ ಮೊಮ್ಮಕ್ಕಳು ಮಲಗಿ ಬೇಸಿಗೆ ಕಳೆಯುತ್ತಾರೆ. ವರ್ಷ ಕಳೆದಂತೆ ಅದರ ಹೊಳಪು ಹೆಚ್ಚುತ್ತದೆಯೇ ಹೊರತು ಕುಂದುವುದಿಲ್ಲ. ಈಗ ಇಂಥ ನೆಲಗಳನ್ನೂ “ಹಳೆ ಫ್ಯಾಶನ್” ಎಂದು ಒಡೆಸಿ ವಿಟ್ರಿಫೈಡ್ ಟೈಲ್ಸ್ ಹಾಕಿಸುವವರು ಕಡಿಮೆಯಿಲ್ಲ.

ಒಡೆಸುವ ಮೊದಲು ಸ್ವಲ್ಪ ತಡೆಯಿರಿ. ನಮ್ಮ ದೇಶದ ಟೈಲ್ಸ್‌ನಲ್ಲಿ ಬಹುಪಾಲು ತಯಾರಾಗುವುದು ಗುಜರಾತಿನ ಮೋರ್ಬಿಯಲ್ಲಿ. ಸುಮಾರು 1,200 ಡಿಗ್ರಿ ಶಾಖದಲ್ಲಿ ಸುಟ್ಟು, ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಲಾರಿಯಲ್ಲಿ ಸಾಗಿಸಬೇಕು. ಒಡೆದ ಹಳೆಯ ನೆಲ ಮಣ್ಣಿನ ಜೊತೆ ಯಾವುದೋ ತೋಡಿನ ಬದಿಗೆ ಬೀಳುತ್ತದೆ. ಪರಿಸರಸ್ನೇಹಿ ನೆಲ ಯಾವುದು ಎಂದು ಕೇಳಿದರೆ ಮೊದಲ ಉತ್ತರ ಇದೇ: ಗಟ್ಟಿಯಾಗಿರುವ ಹಳೆಯ ನೆಲ. ಅಲ್ಲಲ್ಲಿ ಬಿರುಕಿದ್ದರೆ ದುರಸ್ತಿ ಮಾಡಿಸಿ, ಮೇಣದ ಪಾಲಿಶ್ ಕೊಡಿ. ತೇಪೆಯ ಬಣ್ಣ ಹಳೆಯದಕ್ಕೆ ಪೂರ್ತಿ ಹೊಂದಲಾರದು, ನಿಜ. ಅದರಿಂದ ನಡೆಯುವ ಕಾಲಿಗೇನೂ ತೊಂದರೆಯಿಲ್ಲ.

ಹೊಸದಾಗಿಯೇ ಹಾಕಿಸಬೇಕೆಂದರೆ ಮೂರು ಪ್ರಶ್ನೆ ಕೇಳಿಕೊಳ್ಳಿ.

ಮೊದಲನೆಯದು, ಜಾರುತ್ತದೆಯೇ? ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಆಟಿಯಲ್ಲಿ ಹೊರಗಿನ ತೇವದ ಗಾಳಿ ತಣ್ಣಗಿನ ನೆಲಕ್ಕೆ ತಾಗಿ ನೆಲವೇ ಬೆವರುತ್ತದೆ. ಆಗ ಕನ್ನಡಿ ಟೈಲ್ಸ್ ಮೇಲೆ ಅತ್ತೆ ಕಾಲಿಟ್ಟರೆ? ಸೊಂಟದ ಮೂಳೆ ಮುರಿದ ಹಿರಿಯರು ಮತ್ತೆ ಮೊದಲಿನಂತೆ ಓಡಾಡುವುದು ಕಷ್ಟ. ಕಾವಿ ನೆಲವೂ ಒದ್ದೆಯಾದರೆ ಜಾರುವುದೇ. ಅದಕ್ಕೆ ವಿನಾಯಿತಿ ಬೇಡ. ಬಚ್ಚಲು, ಜಗಲಿ, ಮೆಟ್ಟಿಲುಗಳಿಗೆ ಒರಟು ಮೈಯ ಟೈಲ್ಸೇ ಸರಿ. ಡಬ್ಬಿಯ ಮೇಲೆ ಆರ್-10, ಆರ್-11 ಎಂಬ ಗುರುತು ಇದೆಯೇ ನೋಡಿ. ಅಂಕಿ ಹೆಚ್ಚಿದಷ್ಟೂ ಹಿಡಿತ ಹೆಚ್ಚು.

ಎರಡನೆಯದು, ಉಸಿರಿಗೆ ಏನು ಬಿಡುತ್ತದೆ? ಫ್ಲ್ಯಾಟಿಗೂ ಆಫೀಸಿಗೂ ಈಗ ಮರದಂತೆ ಕಾಣುವ ಲ್ಯಾಮಿನೇಟ್, ವಿನೈಲ್ ಹಾಳೆ ಬಂದಿವೆ. ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ. ಆದರೆ ಲ್ಯಾಮಿನೇಟಿನ ಹಲಗೆಯಲ್ಲಿರುವ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ನಿಧಾನವಾಗಿ ಹೊರಬರುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು 2004ರಲ್ಲೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಕಿಟಕಿ ಮುಚ್ಚಿ ಏಸಿ ಹಾಕಿದ ಕೋಣೆಯಲ್ಲಿ ಇಂಥ ಅನಿಲ ಅಲ್ಲೇ ಸುತ್ತುತ್ತದೆ. ಹಾಕಿಸಲೇಬೇಕಾದರೆ ಇ-1 ಅಥವಾ ಇ-0 ದರ್ಜೆಯ ಹಲಗೆ, ‘ಲೋ ವಿಒಸಿ’ ಎಂದು ಬರೆದಿರುವ ಅಂಟು ಕೇಳಿ. ಕೆಲಸ ಮುಗಿದ ಮೇಲೆ ಕೆಲವು ದಿನ ಕಿಟಕಿಗಳನ್ನು ತೆರೆದಿಡಿ. ಮನೆಯಲ್ಲಿ ಉಬ್ಬಸದ ಮಗುವಿದ್ದರೆ ಈ ಆಸೆಯನ್ನೇ ಬಿಡುವುದು ಮೇಲು. ಕಲ್ಲು, ಮಣ್ಣಿನ ಹಂಚು, ಸಿಮೆಂಟಿನ ನೆಲಕ್ಕೆ ಈ ತಾಪತ್ರಯವಿಲ್ಲ.

ಮೂರನೆಯದು, ಎಷ್ಟು ವರ್ಷ ಬಾಳುತ್ತದೆ, ಎಲ್ಲಿಂದ ಬರುತ್ತದೆ? ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ಮಾಡಿನ ಹಂಚಿನ ಜೊತೆ ನೆಲದ ಹಂಚೂ ಅಲ್ಲಿ ತಯಾರಾಗುತ್ತಿತ್ತು. ಮಣ್ಣಿನ ಹಂಚಿಗೆ ಕಾಲಿನ ಹಿಡಿತ ಚೆನ್ನಾಗಿದೆ. ಎಣ್ಣೆ ಚೆಲ್ಲಿದರೆ ಕಲೆ ಹೀರಿಕೊಳ್ಳುವುದರಿಂದ ಅಡುಗೆಮನೆಗೆ ಬೇಡ. ಇಳಕಲ್ಲಿನ ಗ್ರಾನೈಟ್, ಕಲಬುರಗಿ ಕಡೆಯ ಶಹಾಬಾದ್ ಕಲ್ಲು ನಮ್ಮ ರಾಜ್ಯದವೇ. ಶಹಾಬಾದ್ ಸುಣ್ಣದ ಕಲ್ಲಾದ್ದರಿಂದ ಲಿಂಬೆರಸ, ಬಚ್ಚಲು ತೊಳೆಯುವ ಆಸಿಡ್ ತಾಗಿಸಬೇಡಿ, ಮೈ ತಿನ್ನುತ್ತದೆ. ಗ್ರಾನೈಟಿಗೂ ಕನ್ನಡಿ ಪಾಲಿಶ್ ಬೇಕಿಲ್ಲ.

ಹೊಸ ಕಾವಿ ನೆಲ ಬೇಕೇ? ಅದಕ್ಕೆ ಕೈ ಪಳಗಿದ ಮೇಸ್ತ್ರಿಯೇ ಬೇಕು. ಅವರು ಹಿಂದೆ ಮಾಡಿದ ನೆಲವನ್ನು ಹೋಗಿ ನೋಡಿ ಬನ್ನಿ. ದೊಡ್ಡ ಚಾವಡಿಯಾದರೆ ನಡುನಡುವೆ ಗಾಜಿನ ಪಟ್ಟಿ ಇಡಿಸಿ, ಬಿರುಕು ಅಡ್ಡಾದಿಡ್ಡಿ ಹರಡುವುದಿಲ್ಲ. ಕಡಿಮೆಯೆಂದರೂ ಏಳು ದಿನ ನೀರು ನಿಲ್ಲಿಸಬೇಕು. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂತೆಂದು ಈ ಏಳು ದಿನಕ್ಕೆ ಕತ್ತರಿ ಹಾಕಿದರೆ ನೆಲ ಒಡೆಯುವುದು ಖಂಡಿತ. ಸಿಮೆಂಟೂ ಪರಿಸರಕ್ಕೆ ಹೊರೆಯೇ. ಒಮ್ಮೆ ಹಾಕಿದ್ದು ಎರಡು ತಲೆಮಾರು ಬಾಳಿದರೆ ಮಾತ್ರ ಆ ಹೊರೆ ಹಗುರಾಗುವುದು.

ಅಂಗಡಿಯ ದೀಪದ ಬೆಳಕಿನಲ್ಲಿ ಮಾತ್ರ ಏನನ್ನೂ ಒಪ್ಪಿಕೊಳ್ಳಬೇಡಿ. ಒಂದು ಸ್ಯಾಂಪಲ್ ಮನೆಗೆ ತನ್ನಿ. ನೀರು ಚೆಲ್ಲಿ ಬರಿಗಾಲಲ್ಲಿ ನಿಂತು ನೋಡಿ, ಒಂದು ಹನಿ ಎಣ್ಣೆ ಹಾಕಿ ಮರುದಿನ ಒರೆಸಿ ನೋಡಿ. ಯಜಮಾನರೂ ಮೇಸ್ತ್ರಿಯೂ ಸೇರಿ ಲೆಕ್ಕ ಮುಗಿಸುವ ಮೊದಲೇ ನಿಮ್ಮ ಮಾತು ಹೇಳಿಬಿಡಿ. ಒರೆಸುವ ಬಟ್ಟೆ ನಿಮ್ಮ ಕೈಯಲ್ಲಿ ಇದೆಯೆಂದ ಮೇಲೆ ಆರಿಸುವ ಹಕ್ಕೂ ನಿಮ್ಮದೇ.