ಉತ್ತರ ಧ್ರುವದ ಹಿಮವೂ ಮುಂಬ್ರಾದ ಮಳೆಯೂ

ಒಂದೆಡೆ ಪಾರ್ಸಿಕ್ ಬೆಟ್ಟ, ಇನ್ನೊಂದೆಡೆ ಖಾಡಿ. ಇವೆರಡರ ನಡುವಿನ ಕಿರಿದಾದ ನೆಲದಲ್ಲಿ ಬೆಳೆದ ಊರು ಮುಂಬ್ರಾ. ಡೊಂಬಿವಲಿ, ಕಲ್ಯಾಣಗಳಿಂದ ಲೋಕಲ್ ರೈಲಿನಲ್ಲಿ ದಿನವೂ ಈ ದಾರಿಯಾಗಿ ಸಾಗುವ ಕನ್ನಡಿಗರಿಗೆ ಆ ನೀರು ಚಿರಪರಿಚಿತ. ಧ್ರುವಪ್ರದೇಶದ ಹಿಮ ಕರಗುತ್ತಿದೆಯೆಂಬ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಏಳುವ ಪ್ರಶ್ನೆ ಒಂದೇ: ಈ ಖಾಡಿ ಉಕ್ಕೀತೇ?

ಇಲ್ಲೊಂದು ಭೇದವನ್ನು ಗಮನಿಸಬೇಕು. ಲೋಟದಲ್ಲಿ ತೇಲುವ ಮಂಜುಗಡ್ಡೆ ಕರಗಿದರೆ ನೀರು ಹೊರಚೆಲ್ಲದು. ಹಾಗೆಯೇ ಕಡಲ ಮೇಲೆ ತೇಲುವ ಹಿಮ ಕರಗಿದ ಮಾತ್ರಕ್ಕೆ ಕಡಲ ಮಟ್ಟ ಹೆಚ್ಚೇನೂ ಏರದು. ಅದನ್ನು ಏರಿಸುವುದು ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾಗಳ ನೆಲದ ಮೇಲಿನ ಹಿಮ ಮತ್ತು ಬಿಸಿಯಾಗಿ ಹಿಗ್ಗುವ ಸಾಗರ. ಆದರೆ ತೇಲುವ ಹಿಮದ ಗೊಡವೆ ನಮಗೇಕೆ ಎನ್ನುವಂತಿಲ್ಲ.

ಉಪಗ್ರಹ ದಾಖಲೆಯಂತೆ 1979ರ ಸೆಪ್ಟೆಂಬರಿನಲ್ಲಿ ಉತ್ತರ ಧ್ರುವಸಾಗರದ ಹಿಮ ಕನಿಷ್ಠವೆಂದರೂ ಸುಮಾರು 69 ಲಕ್ಷ ಚದರ ಕಿ.ಮೀ. ಹರಡಿತ್ತು, 2012ರ ಸೆಪ್ಟೆಂಬರಿನಲ್ಲಿ ಅದು ಸುಮಾರು 34 ಲಕ್ಷಕ್ಕೆ ಕುಸಿಯಿತು. ಬಿಳಿಯ ಹಿಮ ಬಿಸಿಲನ್ನು ಹಿಂದಿರುಗಿಸುತ್ತದೆ, ಕಪ್ಪು ಕಡಲು ಹೀರಿಕೊಳ್ಳುತ್ತದೆ. ಹಿಮ ಸರಿದಷ್ಟೂ ಕಾವು ಹೆಚ್ಚುತ್ತದೆ, ಗಾಳಿಯ ನಡೆ ಬದಲಾಗುತ್ತದೆ.

ಈ ಬದಲಾವಣೆಯನ್ನು ಭಾರತವೂ ಗಮನಿಸುತ್ತಿದೆ. 2008ರಲ್ಲಿ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿ ನಮ್ಮ 'ಹಿಮಾದ್ರಿ' ಕೇಂದ್ರ ಆರಂಭವಾಯಿತು. 2014ರಲ್ಲಿ ಅಲ್ಲಿಯ ಕಡಲೊಳಗೆ 'ಇಂಡಾರ್ಕ್' ವೀಕ್ಷಣಾ ಸಾಧನವನ್ನು ಇಳಿಸಲಾಯಿತು. ಗೋವೆಯ ರಾಷ್ಟ್ರೀಯ ಧ್ರುವ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನವು, ಕಾರಾ ಸಮುದ್ರದ ಬೇಸಗೆಯ ಹಿಮ ಕುಗ್ಗುವುದಕ್ಕೂ ಮಧ್ಯ ಭಾರತದಲ್ಲಿ ಸೆಪ್ಟೆಂಬರಿನಲ್ಲಿ ಸುರಿಯುವ ವಿಪರೀತ ಮಳೆಗೂ ನಂಟಿರಬಹುದೆಂದು ಸೂಚಿಸಿತು. ಇದು ಸಂಭಾವ್ಯ ನಂಟೇ ಹೊರತು ಅಂತಿಮ ತೀರ್ಪಲ್ಲ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದುದನ್ನು ನಾವಾರೂ ಮರೆತಿಲ್ಲ. ಅದಕ್ಕೆ ಧ್ರುವದ ಹಿಮ ಕಾರಣವೆಂದು ನಾವು ಹೇಳುತ್ತಿಲ್ಲ. ಆದರೆ ಭಾರಿ ಮಳೆಯೂ ಕಡಲ ಭರತವೂ ಒಟ್ಟಾದರೆ ಖಾಡಿಗೆ ಹರಿಯಬೇಕಾದ ನೀರು ಊರಲ್ಲೇ ನಿಲ್ಲುತ್ತದೆಂಬ ಪಾಠ ಅಂದೇ ದೊರೆತಿದೆ.

ಗಣೇಶೋತ್ಸವ ಮುಗಿಯಿತು, ಇನ್ನು ಮಳೆಯ ಭಯವಿಲ್ಲವೆಂಬ ರೂಢಿಯ ಮಾತನ್ನು ಇನ್ನು ನೆಚ್ಚುವಂತಿಲ್ಲ. ಮೇ ತಿಂಗಳಲ್ಲಿ ತೆಗೆಸುವ ಚರಂಡಿಯ ಹೂಳನ್ನು ನಮ್ಮ ವಸತಿ ಸಂಘಗಳು ಆಗಸ್ಟಿನಲ್ಲಿ ಮತ್ತೊಮ್ಮೆ ತೆಗೆಸಲಿ. ಊರ ಕಡೆ ನಾವು ಕಾಂಡ್ಲಾ ಎನ್ನುವ ಗಿಡಗಳು ಈ ಖಾಡಿಯ ದಂಡೆಯಲ್ಲೂ ಇವೆ, ಅವನ್ನು ಉಳಿಸಿಕೊಳ್ಳೋಣ. ಧ್ರುವದ ಹಿಮ ನಮ್ಮ ಕೈಯಲ್ಲಿಲ್ಲ, ಮನೆಮುಂದಿನ ಚರಂಡಿ ನಮ್ಮ ಕೈಯಲ್ಲಿದೆ.