ಟೋಪಿಯ ಮೇಲಿನ ಬಿಳಿ ಹೂವು

ಎರಡನೆಯ ಮಹಾಯುದ್ಧದ ಚಿತ್ರಗಳನ್ನು ನೋಡುವ ಮಕ್ಕಳಿಗೆ ಜರ್ಮನ್ ಸೈನಿಕರ ಉಡುಪೆಲ್ಲ ಒಂದೇ ಎನಿಸುವುದು ಸಹಜ. ಬೂದುಹಸುರು ಬಣ್ಣದ ಅಂಗಿ, ಎದೆಯ ಮೇಲೆ ಹದ್ದು. ಆದರೆ ಕೆಲವರ ಟೋಪಿಯ ಎಡಮಗ್ಗುಲಲ್ಲಿ ಪುಟ್ಟದೊಂದು ಲೋಹದ ಹೂವಿರುತ್ತದೆ. ಅವರು ‘ಗೆಬಿರ್ಗ್ಸ್‌ಯೇಗರ್’, ಎಂದರೆ ಪರ್ವತದಳದವರು.

ಹೂವಿನ ಹೆಸರು ಎಡೆಲ್‌ವೈಸ್; ‘ಉದಾತ್ತ ಬಿಳುಪು’ ಎಂದು ಅದರ ಅರ್ಥ. ಆಲ್ಪ್ಸ್ ಪರ್ವತಗಳ ಎತ್ತರದಲ್ಲಿ, ಬಂಡೆಗಳ ನಡುವೆ ಅದು ಅರಳುತ್ತದೆ. ನಾವು ಎಸಳೆಂದು ತಿಳಿಯುವುದು ವಾಸ್ತವವಾಗಿ ನವಿರಾದ ರೋಮ ಹೊದ್ದ ಎಲೆ. ನಿಜವಾದ ಹೂಗಳು ನಡುವಣ ಹಳದಿ ಗೊಂಚಲಿನಲ್ಲಿ ಅಡಗಿವೆ. ದುರ್ಗಮ ಸ್ಥಳದಿಂದ ಅದನ್ನು ಕಿತ್ತು ತರುವುದೆಂದರೆ ಅಲ್ಲಿಯ ತರುಣರಿಗೆ ಧೈರ್ಯದ ಪರೀಕ್ಷೆ. ಆಸ್ಟ್ರಿಯಾದ ಚಕ್ರವರ್ತಿ ಫ್ರಾನ್ಸ್ ಯೋಸೆಫನು 1907ರಲ್ಲಿ ತನ್ನ ಪರ್ವತಸೈನಿಕರಿಗೆ ಇದನ್ನು ಲಾಂಛನವಾಗಿ ಕೊಟ್ಟನು. 1915ರಲ್ಲಿ ಇಟಲಿಯ ವಿರುದ್ಧ ನೆರವಿಗೆ ಬಂದ ಜರ್ಮನ್ ದಳಕ್ಕೆ ಆಸ್ಟ್ರಿಯನ್ನರು ಕೃತಜ್ಞತೆಯಿಂದ ಅದೇ ಹೂವನ್ನು ನೀಡಿದರು.

1939ರಲ್ಲಿ ಬಲತೋಳಿಗೂ ಅಂಡಾಕಾರದ ಬಿಲ್ಲೆಯೊಂದು ಬಂದಿತು. ಹೂವಿನ ಸುತ್ತ ಹಗ್ಗದ ಬಳೆ. ಅದರ ಜೊತೆಗೆ ಬಂಡೆಗೆ ಬಡಿಯುವ ಕಬ್ಬಿಣದ ಗೂಟ. ಹೆಗಲಪಟ್ಟಿಯ ಅಂಚು ತಿಳಿಹಸುರು. ಇವರ ಮುಂಚಾಚುಳ್ಳ ಟೋಪಿ ಎಷ್ಟು ಅನುಕೂಲವೆನಿಸಿತೆಂದರೆ, 1943ರಲ್ಲಿ ಇಡೀ ಸೈನ್ಯಕ್ಕೇ ಆ ಮಾದರಿಯ ಟೋಪಿ ಬಂದಿತು. ಆ ಬಳಿಕ ಗುರುತಿಗೆ ಹೂವೇ ಆಧಾರ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧಸತ್ಯವಾದೀತು. 1943ರ ಆಗಸ್ಟ್ 16ರಂದು ಗ್ರೀಸಿನ ಕೊಮ್ಮೆನೊ ಎಂಬ ಹಳ್ಳಿಗೆ ನುಗ್ಗಿ 317 ಜನರನ್ನು ಕೊಂದವರು ಈ ಹೂವನ್ನು ಧರಿಸಿದ ಒಂದನೆಯ ಪರ್ವತ ಡಿವಿಜನ್ನಿನ ಸೈನಿಕರೇ. ಸತ್ತವರಲ್ಲಿ ಹಸುಳೆಗಳೂ ಇದ್ದರು. ಇಂದು ಈ ಬಿಲ್ಲೆಗಳನ್ನು ಅಕ್ಕರೆಯಿಂದ ಸಂಗ್ರಹಿಸುವವರು ಕೊಮ್ಮೆನೊವಿನ ಹೆಸರನ್ನೂ ಅರಿತಿರಬೇಕು.

ಅದೇ ಹೂವನ್ನು ಜರ್ಮನಿಯೊಳಗೇ ಬೇರೆ ಕೆಲವರೂ ಧರಿಸಿದ್ದರು. ಹಿಟ್ಲರನ ಯುವದಳಕ್ಕೆ ಸೇರಲೊಲ್ಲದ, ಬಹುಪಾಲು ಕಾರ್ಮಿಕರ ಮನೆಯ ಹುಡುಗ ಹುಡುಗಿಯರು ಅದರ ಬಿಲ್ಲೆಯನ್ನು ಕೊರಳಪಟ್ಟಿಯ ಮರೆಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು. ‘ಎಡೆಲ್‌ವೈಸ್ ಕಡಲ್ಗಳ್ಳರು’ ಎಂದು ಅವರನ್ನು ಕರೆಯುತ್ತಿದ್ದರು. ಒಟ್ಟಿಗೆ ಅಲೆದಾಟ, ನಿಷಿದ್ಧವಾದ ಹಾಡುಗಳು. ಕೆಲವರು ತಲೆಮರೆಸಿಕೊಂಡವರಿಗೆ ಆಸರೆಯಾದರು. 1944ರ ನವೆಂಬರ್ 10ರಂದು ಕೊಲೋನ್ ನಗರದಲ್ಲಿ 13 ಜನರನ್ನು ವಿಚಾರಣೆಯಿಲ್ಲದೆ ಬೀದಿಯಲ್ಲೇ ನೇಣಿಗೇರಿಸಲಾಯಿತು. ಅವರಲ್ಲೊಬ್ಬನಾದ ಬಾರ್ಥೆಲ್ ಶಿಂಕ್‌ಗೆ ಆಗ 16 ವರ್ಷ. ನಮ್ಮಲ್ಲಾದರೆ ಹತ್ತನೆಯ ತರಗತಿ ಮುಗಿಸುವ ವಯಸ್ಸು.

ಯುದ್ಧ ಮುಗಿದ ಮೇಲೂ ಸರಕಾರಿ ಕಡತಗಳಲ್ಲಿ ಅವರು ಅಪರಾಧಿಗಳಾಗಿಯೇ ಉಳಿದರು. ಅವರು ಪ್ರತಿರೋಧದ ಹೋರಾಟಗಾರರೆಂದು ಕೊಲೋನಿನ ಆಡಳಿತವು ಅಧಿಕೃತವಾಗಿ ಒಪ್ಪಿಕೊಂಡದ್ದು 2005ರಲ್ಲಿ.